ಅಮೆರಿಕ ಚುನಾವಣೆಯಲ್ಲಿ ಯಾವ ಸುದ್ದಿಗೆ ಎಷ್ಟು ತೂಕ?

ಪತ್ರಿಕೆಯೊಂದರಲ್ಲಿ ವಿದೇಶ ಪುಟ ನೋಡಿಕೊಳ್ಳುವ ಕೆಲಸ ನನ್ನದು. ಅಮೆರಿಕದ ಅಧ್ಯಕ್ಷೀಯ ಚುನಾವಣೆ ಬಂತೆಂದರೆ ಸುದ್ದಿ ಏಜೆನ್ಸಿಗಳು ಕಳಿಸುವ ಕಾಪಿಯಲ್ಲಿ ದಿನಕ್ಕೊಂದು ‘ಮಹತ್ವದ ತಿರುವು’ ಇದ್ದೇ ಇರುತ್ತದೆ. ಎಲ್ಲವನ್ನೂ ನಂಬಿದರೆ ಅಲ್ಲಿನ ಮತದಾರ ವಾರಕ್ಕೆರಡು ಸಲ ಮನಸ್ಸು ಬದಲಿಸಬೇಕು!

ನಾನು ಮೊದಲು ನೋಡುವುದು ಒಂದೇ. ಜನರಲ್ಲಿ ಮೊದಲೇ ಇದ್ದ ಅನುಮಾನಕ್ಕೆ ಈ ಸುದ್ದಿ ಪುಷ್ಟಿ ಕೊಡುತ್ತದಾ? 2024ರ ಜೂನ್ 27ರಂದು ಅಟ್ಲಾಂಟಾದಲ್ಲಿ ಆಗಿನ ಅಧ್ಯಕ್ಷ ಬೈಡನ್ ಮತ್ತು ಟ್ರಂಪ್ ನಡುವೆ ನಡೆದ ಟಿವಿ ಚರ್ಚೆ ನಮಗೆ ಮರುದಿನ ಬೆಳಿಗ್ಗೆ ಆರೂವರೆಗೆ ಶುರುವಾಯಿತು. ಬೈಡನ್ ದನಿ ಕಟ್ಟಿತ್ತು, ಮಾತು ನಡುವೆಯೇ ತಪ್ಪಿಹೋಗುತ್ತಿತ್ತು. 81ರ ವಯಸ್ಸಿನಲ್ಲಿ ಇವರ ಕೈಲಾಗುತ್ತಾ ಎಂದು ಅಲ್ಲಿನವರು ಅದಕ್ಕೂ ಮೊದಲೇ ಕೇಳುತ್ತಿದ್ದರು. ಸಮೀಕ್ಷೆಗಳಲ್ಲಿ ಅಂತರ ಜಾಸ್ತಿ ಏನೂ ಬದಲಾಗಲಿಲ್ಲ. ಆದರೆ ಅವರ ಪಕ್ಷದವರೇ ಧೈರ್ಯ ಕಳೆದುಕೊಂಡರು.

ಜುಲೈ 13ರಂದು ಪೆನ್ಸಿಲ್ವೇನಿಯಾದ ಬಟ್ಲರ್‌ನಲ್ಲಿ ಟ್ರಂಪ್ ಮೇಲೆ ಗುಂಡಿನ ದಾಳಿ ಆಯಿತು. ಮುಖದ ಮೇಲೆ ರಕ್ತ, ಎತ್ತಿದ ಮುಷ್ಟಿ. ಆ ಫೋಟೊ ಮುಖಪುಟಕ್ಕೆ ಹೋಗಲೇಬೇಕು, ಎರಡು ಮಾತಿಲ್ಲ. ‘ಗೆಲುವು ಖಚಿತ’ ಎಂಬ ತಲೆಬರಹಕ್ಕೆ ಮಾತ್ರ ನಾನು ಒಪ್ಪಲಿಲ್ಲ. ಟ್ರಂಪ್ ಬೇಕೋ ಬೇಡವೋ ಎಂದು ಬಹುತೇಕರು ಯಾವತ್ತೋ ತೀರ್ಮಾನಿಸಿ ಆಗಿತ್ತು. ಅಂಕಿಗಳೂ ಹೆಚ್ಚು ಅಲುಗಲಿಲ್ಲ.

ಜುಲೈ 21ರದು ಬೇರೆಯೇ ಕಥೆ. ನಮ್ಮಲ್ಲಿ ಭಾನುವಾರ ರಾತ್ರಿ ಹನ್ನೊಂದೂಕಾಲು, ಕೊನೆಯ ಎಡಿಷನ್ ಪುಟ ಕಳಿಸುವ ಹೊತ್ತು. ಕಣದಿಂದ ಹಿಂದೆ ಸರಿಯುತ್ತೇನೆ ಎಂಬ ಬೈಡನ್ ಪತ್ರ ಎಕ್ಸ್‌ನಲ್ಲಿ ಬಂತು. ಉಪಾಧ್ಯಕ್ಷೆ ಕಮಲಾ ಹ್ಯಾರಿಸ್‌ಗೆ ಅದರಲ್ಲಿ ಧನ್ಯವಾದ ಇತ್ತು, ಅಭ್ಯರ್ಥಿ ಅವರೇ ಆಗಲಿ ಎಂಬ ಮಾತಿರಲಿಲ್ಲ. ಅದು ಅರ್ಧ ಗಂಟೆ ಬಿಟ್ಟು ಬೇರೆ ಪೋಸ್ಟಿನಲ್ಲಿ ಬಂತು. ಅಲ್ಲಿಯವರೆಗೂ ಪುಟ ಹಿಡಿದಿಟ್ಟೆವು, ಪ್ರೆಸ್‌ನವರ ಕೈಲಿ ಬೈಸಿಕೊಂಡೆವು. ಅಭ್ಯರ್ಥಿಯೇ ಬದಲಾದ ಮೇಲೆ ಹಳೇ ಸಮೀಕ್ಷೆಗಳು ಯಾವ ಲೆಕ್ಕಕ್ಕೂ ಬರುವುದಿಲ್ಲ, ಅಲ್ವಾ?

ಗದ್ದಲವಿಲ್ಲದೆ ಕಣ ಬದಲಿಸುವುದು ದುಡ್ಡಿನ ವಿಚಾರ. 2008ರ ಸೆಪ್ಟೆಂಬರ್ 15ರಂದು ಲೇಮನ್ ಬ್ರದರ್ಸ್ ಎಂಬ ದೊಡ್ಡ ಹೂಡಿಕೆ ಬ್ಯಾಂಕ್ ದಿವಾಳಿ ಅರ್ಜಿ ಹಾಕಿತು. ಅದೇ ದಿನ ರಿಪಬ್ಲಿಕನ್ ಅಭ್ಯರ್ಥಿ ಮೆಕೇನ್, ನಮ್ಮ ಆರ್ಥಿಕತೆಯ ಬುನಾದಿ ಗಟ್ಟಿಯಾಗಿದೆ ಎಂದುಬಿಟ್ಟರು. ಆಗಷ್ಟೇ ಅವರಿಗೆ ಸಿಕ್ಕಿದ್ದ ಸಣ್ಣ ಮುನ್ನಡೆ ಕರಗಿತು, ಎದುರಾಳಿ ಒಬಾಮ ಮುಂದಾದರು. 2024ರಲ್ಲೂ ಅಷ್ಟೇ. ಸೆಪ್ಟೆಂಬರ್ 10ರ ಚರ್ಚೆಯಲ್ಲಿ ಹ್ಯಾರಿಸ್ ಮೇಲುಗೈ ಸಾಧಿಸಿದರು ಎಂದೇ ಹೆಚ್ಚಿನವರ ಅಭಿಪ್ರಾಯ. ಆದರೆ ದಿನಸಿ ಬಿಲ್ ನೋಡಿ ಸಿಟ್ಟಾದವನಿಗೆ ಚರ್ಚೆ ಯಾರು ಗೆದ್ದರೆ ಏನು?

ಸಮೀಕ್ಷೆ ನೋಡುವಾಗ ಒಂದೇ ಸಂಸ್ಥೆಯ ಹಿಂದಿನ ಮತ್ತು ಮುಂದಿನ ಅಂಕಿಗಳನ್ನು ಪಕ್ಕಪಕ್ಕ ಇಟ್ಟುಕೊಳ್ಳುತ್ತೇನೆ. ಒಂದೆರಡು ಪಾಯಿಂಟ್ ಏರುಪೇರಾದರೆ ಸುದ್ದಿ ಮಾಡುವುದಿಲ್ಲ. ಇಡೀ ದೇಶದ ಸರಾಸರಿಗಿಂತ ಪೆನ್ಸಿಲ್ವೇನಿಯಾ, ಮಿಷಿಗನ್, ವಿಸ್ಕಾನ್ಸಿನ್ ಕಡೆ ಕಣ್ಣಿಡುತ್ತೇನೆ. ಅಲ್ಲಿ ಗೆಲುವು ನಿರ್ಧಾರವಾಗುವುದು ದೇಶದ ಒಟ್ಟು ಮತದಿಂದಲ್ಲ, ರಾಜ್ಯವಾರು ಲೆಕ್ಕದಿಂದ. 2016ರಲ್ಲಿ ಈ ಮೂರೂ ಸೇರಿ ಟ್ರಂಪ್‌ಗೆ ಸಿಕ್ಕ ಅಂತರ ಸುಮಾರು 78,000 ಮತ ಮಾತ್ರ. ಇಷ್ಟು ಬಿಗಿ ಇರುವಾಗ ತಾರೀಖೂ ಮುಖ್ಯ. ಟ್ರಂಪ್ ಹೆಂಗಸರ ಬಗ್ಗೆ ಕೀಳಾಗಿ ಮಾತಾಡಿದ್ದ ಟೇಪ್ ಆ ವರ್ಷದ ಅಕ್ಟೋಬರ್ 7ಕ್ಕೆ ಹೊರಬಿತ್ತು. ಅದರ ಬಿಸಿ ಆರಲು ಅವರಿಗೆ ಒಂದು ತಿಂಗಳು ಸಿಕ್ಕಿತು. ಎದುರಾಳಿ ಹಿಲರಿ ಸರ್ಕಾರಿ ಕೆಲಸಕ್ಕೆ ಖಾಸಗಿ ಇಮೇಲ್ ಬಳಸಿದ ಪ್ರಕರಣದ ಬಗ್ಗೆ ತನಿಖಾ ಸಂಸ್ಥೆ ಎಫ್‌ಬಿಐನ ಮುಖ್ಯಸ್ಥ ಕೋಮಿ ಪತ್ರ ಬರೆದಿದ್ದು ಅದೇ ತಿಂಗಳ 28ಕ್ಕೆ, ಮತದಾನಕ್ಕೆ ಹನ್ನೊಂದೇ ದಿನ ಬಾಕಿ. ಹಿಲರಿಯನ್ನು ಸೋಲಿಸಿದ್ದು ಆ ಪತ್ರವೇನಾ ಎಂಬ ಜಗಳ ಇನ್ನೂ ಮುಗಿದಿಲ್ಲ.

ಈಗ ಇನ್ನೊಂದು ಲೆಕ್ಕ ಸೇರಿದೆ. 2020ರಲ್ಲಿ ಮತದಾನದ ದಿನಕ್ಕೆ ಮೊದಲೇ 10 ಕೋಟಿ ಜನ ಮತ ಹಾಕಿ ಆಗಿತ್ತು. ಹಾಗಾಗಿ ಕೊನೆಯ ವಾರ ದೊಡ್ಡ ಸುದ್ದಿ ಬಂದರೆ, ಅಷ್ಟೊತ್ತಿಗೆ ಎಷ್ಟು ಮತ ಬಿದ್ದಿವೆ ಎಂದು ಡೆಸ್ಕ್‌ನಲ್ಲಿ ಮೊದಲು ಕೇಳುತ್ತೇನೆ. ಆಮೇಲೇ ತಲೆಬರಹ.