ತೆರೇಸ್‌ಗೆ ಗಡ್ಡ ಬರಿಸಿದ್ದು ಹೀಗೆ

ಫ್ರೆಂಚ್ ಕವಿ ಅಪೊಲಿನೇರ್‌ನ ‘ತಿರೇಸಿಯಸ್‌ನ ಮೊಲೆಗಳು’ ನಾಟಕ ಆಡಿಸೋಣ ಎಂದಾಗ, ಹೆಸರು ಕೇಳಿಯೇ ನಮ್ಮ ಹವ್ಯಾಸಿ ತಂಡದ ಕೆಲವರು ಜಾಗ ಖಾಲಿ ಮಾಡಿದರು. ಇದು ಮೊದಲು ರಂಗಕ್ಕೆ ಬಂದದ್ದು 1917ರ ಜೂನ್‌ನಲ್ಲಿ, ಮೊದಲ ಮಹಾಯುದ್ಧದ ನಡುವೆ, ಪ್ಯಾರಿಸ್ಸಿನಲ್ಲಿ. ನಾಟಕದ ನಾಯಕಿ ತೆರೇಸ್‌ಗೆ ಹೆಂಗಸಾಗಿದ್ದು ಸಾಕಾಗಿದೆ. ಯುದ್ಧಕ್ಕೆ ಹೋಗಬೇಕು, ಸಂಸತ್ತಿಗೆ ಹೋಗಬೇಕು ಅಂತಾಳೆ. ಒಳಗಿನಿಂದ ಗಂಡ ಹಂದಿಮಾಂಸ ಕೊಡು ಎಂದು ಅರಚುತ್ತಲೇ ಇರುತ್ತಾನೆ. ಅವಳು ರವಿಕೆ ಬಿಚ್ಚಿದರೆ ಒಂದು ಕೆಂಪು, ಒಂದು ನೀಲಿ ಬಲೂನು ಮೇಲೇಳುತ್ತವೆ. ಲೈಟರ್ ಹಚ್ಚಿ ಎರಡನ್ನೂ ಒಡೆಯುತ್ತಾಳೆ. ತಕ್ಷಣ ಗಡ್ಡ, ಮೀಸೆ! ತೆರೇಸ್ ಈಗ ತಿರೇಸಿಯಸ್.

ಲೈಟರ್ ಬೇಡ ಎಂದು ಮೊದಲೇ ತೀರ್ಮಾನಿಸಿದೆ. ಜಾತ್ರೆಯಲ್ಲಿ ಮಾರುವ ಬಲೂನಿನಲ್ಲಿ ಎಷ್ಟೋ ಸಲ ಹೈಡ್ರೋಜನ್ ಇರುತ್ತದೆ, ಬೆಂಕಿ ತಾಗಿದರೆ ಮುಖವೇ ಸುಡುತ್ತದೆ. ಹೀಲಿಯಂ ತುಂಬಿಸಿದೆವು. ಲೈಟರ್ ಬರೀ ತೋರಿಕೆಗೆ, ಅದರ ತುದಿಗೆ ಗುಂಡುಸೂಜಿ ಅಂಟಿಸಿದ್ದೆವು. ಗಡ್ಡಕ್ಕೆ ಸ್ಪಿರಿಟ್ ಗಮ್ (ವೇಷದ ಕೂದಲು ಅಂಟಿಸುವ ಗೋಂದು) ಹಚ್ಚುತ್ತಾ ಕೂರುವಷ್ಟು ಹೊತ್ತು ಎಲ್ಲಿದೆ? ವೇಷಕ್ಕೆ ಬಳಸುವ ಕ್ರೇಪ್ ಕೂದಲನ್ನು ತೆಳು ಬಟ್ಟೆಗೆ ಹೊಲಿದು, ಎಲಾಸ್ಟಿಕ್ ಹಾಕಿ, ಎತ್ತರದ ಕಾಲರಿನೊಳಗೆ ಮಡಚಿಟ್ಟೆವು. ಢಬ್ ಅನ್ನುತ್ತಲೇ ಅವಳು ಅದನ್ನು ಗಲ್ಲಕ್ಕೆ ಎಳೆದುಕೊಳ್ಳುತ್ತಾಳೆ. ಎಲಾಸ್ಟಿಕ್ ಕಾಣುತ್ತೆ ಎಂದು ಆ ಪಾತ್ರದ ನಟಿಗೆ ಚಿಂತೆ. ಕಾಣಲಿ ಬಿಡು ಅಂದೆ. ದನಿ ಗಡುಸು ಮಾಡಬೇಡ, ಕಾಲು ಅಗಲಿಸಿ ನಡೀಬೇಡ. ಗಂಡಸುತನ ಆ ಕೂದಲಲ್ಲೇ ಇದೆ, ಅಷ್ಟೇ.

ಕಷ್ಟವಾದದ್ದು ಗಂಡನ ಪಾತ್ರ. ಅವಳು ಹೊರಟ ಮೇಲೆ ಅವನು ಲಂಗದಲ್ಲಿ ಉಳಿಯುತ್ತಾನೆ. ಪೊಲೀಸಿನವನು ಹೆಂಗಸೆಂದು ಹಿಂದೆ ಬೀಳುತ್ತಾನೆ. ನಮ್ಮ ನಟ ಯಕ್ಷಗಾನದಲ್ಲಿ ಸ್ತ್ರೀವೇಷ ಮಾಡಿದವನು. ಲಂಗ ಉಟ್ಟ ಕೂಡಲೇ ಕತ್ತು ಬಾಗಿತು, ಬೆರಳು ಕುಣಿದವು. ನೋಡಲು ಚೆಂದವೇ. ಆದರೆ ಒಳಗೆ ಗಂಡಸಿದ್ದಾನೆ ಅನ್ನೋದನ್ನೇ ಮರೆಸುವುದು ಸ್ತ್ರೀವೇಷದ ಹೆಚ್ಚುಗಾರಿಕೆ. ಇಲ್ಲಿ ಅದು ಮರೆತರೆ ನಾಟಕ ಕೆಟ್ಟಿತು. ಹಂದಿಮಾಂಸ ಕೇಳಿದ ದನಿಯಲ್ಲೇ ಮಾತಾಡು ಅಂದೆ. ಮೊದಲು ಮುನಿಸಿಕೊಂಡ. ಪ್ರದರ್ಶನದ ದಿನ, ಲಂಗದಲ್ಲಿ ಕಾಲು ಚಾಚಿ ಕೂತು ಪೊಲೀಸಿನವನನ್ನು ಸುಮ್ನೆ ದಿಟ್ಟಿಸಿದ. ಜನ ನಕ್ಕದ್ದು ಅವನನ್ನು ನೋಡಿ ಅಲ್ಲ, ಪೊಲೀಸಿನವನನ್ನು ನೋಡಿ.

ಆ ಗಂಡ ಒಂದೇ ದಿನದಲ್ಲಿ 40,049 ಮಕ್ಕಳನ್ನು ಮಾಡುತ್ತಾನೆ. ಅಷ್ಟಕ್ಕೂ ತೊಟ್ಟಿಲು ಒಂದು, ಪರದೆ ಹಿಂದೆ ಅಳುವ ಹುಡುಗರು ಒಂದಷ್ಟು. ಅಲ್ಲೇನೂ ತೊಂದರೆ ಆಗಲಿಲ್ಲ.

ತಂಡದಲ್ಲಿ ಜಗಳವಾದದ್ದು ನಾಟಕದ ಶುರುವಿನ ಮಾತಿನ ಬಗ್ಗೆ. ಯುದ್ಧದಲ್ಲಿ ತಲೆಗೆ ಪೆಟ್ಟು ತಿಂದು ಬಂದ ಕವಿ ಬರೆದದ್ದು. ಮಕ್ಕಳು ಮಾಡಿಕೊಳ್ಳಿ ಎಂದು ಫ್ರೆಂಚರಿಗೆ ಬುದ್ಧಿ ಹೇಳುತ್ತದೆ. ಹೆಂಗಸನ್ನು ಮತ್ತೆ ಬಾಣಂತಿಕೋಣೆಗೆ ಅಟ್ಟುವ ಮಾತು, ಕತ್ತರಿಸಿ ಅಂದರು ಕೆಲವರು. ನನಗೆ ಒಪ್ಪಿಗೆ ಆಗಲಿಲ್ಲ. ಮೂಲದಲ್ಲಿ ಅದು ನಾಟಕ ಕಂಪನಿಯ ನಿರ್ದೇಶಕನ ಮಾತು. ನಾವು ಅದನ್ನು ತೆರೇಸ್ ಆಗುವವಳ ಬಾಯಲ್ಲೇ ಹೇಳಿಸಿದೆವು. ಮಕ್ಕಳು ಮಾಡಿಕೊಳ್ಳಿ ಎಂದು ಗಂಭೀರವಾಗಿ ಹೇಳಿ ಒಳಗೆ ಹೋದವಳು, ನೀಲಿ ಬಣ್ಣ ಬಳಿದುಕೊಂಡು ಬಂದು, ಗಂಡನ ಮಾತು ಇನ್ನು ಕೇಳೋಲ್ಲ ಅಂತಾಳೆ. ಕತ್ತರಿಸಿ ಅಂದವರೂ ಆಮೇಲೆ ಆ ಮಾತು ಎತ್ತಲಿಲ್ಲ.