ಇಲಿಯ ಮಿದುಳಲ್ಲಿ ಸೆರೊಟೋನಿನ್ ಇಳಿಸಿದ ಪ್ರಯೋಗವನ್ನು ಓದುವುದು ಹೇಗೆ?

ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಓದುವ ಹುಡುಗಿಯೊಬ್ಬಳು ಸೆಮಿನಾರಿಗೆ ತಯಾರಾಗುತ್ತಿದ್ದಳು. "ಸೆರೊಟೋನಿನ್ ಕಡಿಮೆಯಾದ್ರೆ ಇಲಿಗೆ ಖಿನ್ನತೆ ಬರುತ್ತೆ, ಇಷ್ಟು ಹೇಳಿದ್ರೆ ಸಾಕಲ್ವಾ ಸರ್?" ಅಂತ ಕೇಳಿದಳು. ಸಾಕಾಗುವುದಿಲ್ಲ. ಇಂಥ ಲೇಖನ ಕೈಗೆ ಬಂದರೆ ಫಲಿತಾಂಶಕ್ಕೆ ಹಾರಬೇಡಿ. ನರಕೋಶಗಳ ನಡುವೆ ಸಂದೇಶ ಸಾಗಿಸುವ ಈ ಸೆರೊಟೋನಿನ್ ರಾಸಾಯನಿಕವನ್ನು ಹೇಗೆ ಇಳಿಸಿದರು ಅನ್ನುವುದನ್ನು ಮೊದಲು ಹುಡುಕಿ.

ಊಟದಲ್ಲಿ ಬರುವ ಟ್ರಿಪ್ಟೊಫ್ಯಾನ್ ಅನ್ನುವ ಅಮೈನೊ ಆಮ್ಲದಿಂದ ಸೆರೊಟೋನಿನ್ ತಯಾರಾಗುತ್ತದೆ. ಅದಕ್ಕೆ ಟ್ರಿಪ್ಟೊಫ್ಯಾನ್ ಹೈಡ್ರಾಕ್ಸಿಲೇಸ್ ಅನ್ನುವ ಕಿಣ್ವ ಬೇಕು. ಮಿದುಳಿನಲ್ಲಿ ಈ ಕೆಲಸ ಮಾಡುವುದು ಟಿಪಿಎಚ್2, ಕರುಳಿನಲ್ಲಿ ಟಿಪಿಎಚ್1. ಮಂಡ್ಯದ ಕಡೆಯವರಿಗೆ ನಾಲೆ ಉದಾಹರಣೆ ಕೊಟ್ಟರೆ ಬೇಗ ಅರ್ಥವಾಗುತ್ತದೆ. ಆ ಕಿಣ್ವವನ್ನು ತಡೆಯುವ ಪಿಸಿಪಿಎ ಅನ್ನುವ ಔಷಧಿ ಕೊಡುವುದು ತೂಬು ಮುಚ್ಚಿದ ಹಾಗೆ. 1966ರಿಂದ ಬಳಕೆಯಲ್ಲಿರುವ ದಾರಿ ಇದು. ನಾಲೆಯಲ್ಲಿ ಆಗಲೇ ಇದ್ದ ನೀರು ಇಳಿಯುವುದಕ್ಕೆ ಒಂದೆರಡು ದಿನ ಬೇಕು, ಔಷಧಿ ನಿಲ್ಲಿಸಿದರೆ ಮತ್ತೆ ತುಂಬುತ್ತದೆ. ಹಾಗಾಗಿ ಎಷ್ಟು ದಿನ ಕೊಟ್ಟರು, ಕೊನೆಯ ಡೋಸ್ ಆದ ಎಷ್ಟು ಹೊತ್ತಿಗೆ ಪರೀಕ್ಷೆ ಮಾಡಿದರು ಅಂತ ಗುರುತು ಹಾಕಿಕೊಳ್ಳಿ. 5,7-ಡಿಎಚ್‌ಟಿ ಅನ್ನುವ ವಿಷ ನಾಲೆಯನ್ನೇ ಒಡೆಯುತ್ತದೆ, ಸೆರೊಟೋನಿನ್ ನರಕೋಶಗಳೇ ಹಾಳಾಗುತ್ತವೆ. ಆ ವಿಷ ನಾರ್‌ಅಡ್ರಿನಲಿನ್ ಅನ್ನುವ ಇನ್ನೊಂದು ಸಂದೇಶ ರಾಸಾಯನಿಕದ ಕೋಶಗಳಿಗೂ ನುಗ್ಗಬಲ್ಲದು, ಅದಕ್ಕೇ ಮೊದಲು ಡೆಸಿಪ್ರಮಿನ್ ಅನ್ನುವ ಔಷಧಿ ಕೊಟ್ಟು ಅವನ್ನು ಕಾಪಾಡಿದ್ದಾರಾ ನೋಡಿ.

ಮೂರನೆಯದು ಟಿಪಿಎಚ್2 ಜೀನ್ ಇಲ್ಲದೆಯೇ ಹುಟ್ಟಿದ ಇಲಿ. ಇಲ್ಲೇ ಜಾಸ್ತಿ ಜನ ಎಡವುವುದು. ನಾಲೆ ನೀರು ಯಾವತ್ತೂ ಬರದ ಊರಲ್ಲಿ ಜನ ಮೊದಲಿಂದಲೂ ರಾಗಿ ಬೆಳೆದುಕೊಂಡಿರುತ್ತಾರೆ, ಆದರೆ ಭತ್ತ ನಾಟಿ ಮಾಡಿದ ಮೇಲೆ ನೀರು ನಿಲ್ಲಿಸಿದರೆ ಗದ್ದೆ ಒಣಗುತ್ತದೆ, ಅಲ್ವಾ? ಹುಟ್ಟಿನಿಂದ ಸೆರೊಟೋನಿನ್ ಕಾಣದ ಮಿದುಳು ಬೆಳೆಯುವಾಗಲೇ ಬೇರೆ ರೀತಿ ಹೊಂದಿಕೊಂಡಿರಬಹುದು. ಹುಟ್ಟಿನಿಂದಲೇ ಸೆರೊಟೋನಿನ್ ಇಲ್ಲದ ಇಲಿ, ಬೆಳೆದ ಮೇಲೆ ಇಳಿಸಿದ ಇಲಿ, ಇವೆರಡರ ಫಲಿತಾಂಶವನ್ನು ಸುಮ್ನೆ ಒಂದೇ ಕೋಷ್ಟಕಕ್ಕೆ ಹಾಕಬೇಡಿ.

ಆಮೇಲೆ ಅಳತೆ. ನಿಜವಾಗಿ ಇಳಿಯಿತಾ? ರಕ್ತದ ಲೆಕ್ಕ ಸಾಲದು. ದೇಹದ ಸುಮಾರು 90% ಸೆರೊಟೋನಿನ್ ಕರುಳಿನದು, ಅದು ಮಿದುಳಿಗೆ ದಾಟುವುದಿಲ್ಲ. ಮಿದುಳಿನ ಯಾವ ಭಾಗ ತೆಗೆದರು, ರಾಸಾಯನಿಕಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿಯಲ್ಲಿ ಸೆರೊಟೋನಿನ್ ಜೊತೆ ಅದು ಒಡೆದು ಬರುವ 5-ಎಚ್‌ಐಎಎ ಕೂಡ ಅಳೆದರಾ, ಬೇರೆ ಸಂದೇಶ ರಾಸಾಯನಿಕವಾದ ಡೋಪಮಿನ್ ಹಾಗೇ ಉಳಿಯಿತಾ ಅಂತ ನೋಡಿ.

ಕೊನೆಗೆ ನಡವಳಿಕೆ. ಟಿಪಿಎಚ್2 ಇಲ್ಲದ ಗಂಡಿಲಿಗಳು ತಮ್ಮ ಪಂಜರಕ್ಕೆ ಬಿಟ್ಟ ಹೊಸ ಇಲಿಯ ಮೇಲೆ ಬೇಗ ಎಗರಿ ಕಚ್ಚುತ್ತವೆ, ತಾಯಿ ಇಲಿಗಳು ಮರಿಗಳನ್ನು ಸರಿಯಾಗಿ ನೋಡಿಕೊಳ್ಳುವುದಿಲ್ಲ. ಮರಿಗಳು ಸಾಯುತ್ತವೆ. ನನಗೆ ಇದನ್ನು ಓದಿದಾಗೆಲ್ಲ ಸಂಕಟವಾಗುತ್ತದೆ. ಆದರೆ ನೀರಿಗೆ ಬಿಟ್ಟು ಎಷ್ಟು ಹೊತ್ತು ಈಜದೆ ತೇಲುತ್ತದೆ ಅಂತ ನೋಡುವ ಪರೀಕ್ಷೆಯಲ್ಲಿ ಇದೇ ಇಲಿಗಳ ಫಲಿತಾಂಶ ಒಂದೊಂದು ಲ್ಯಾಬಿನಲ್ಲಿ ಒಂದೊಂದು ಥರ ಬಂದಿದೆ. ತೇಲುವುದನ್ನು ಖಿನ್ನತೆಯ ಗುರುತು ಅಂತ ಓದುವುದುಂಟು, ಆದರೆ ತೇಲುವ ಇಲಿ ಶಕ್ತಿ ಉಳಿಸಿಕೊಳ್ಳುತ್ತಿರಲೂಬಹುದು. ಆದ್ದರಿಂದ ಸ್ಲೈಡಿನಲ್ಲಿ "ಖಿನ್ನತೆ" ಅಂತ ಬರೆಯಬೇಡಿ, "ಇಷ್ಟು ಸೆಕೆಂಡು ಈಜದೆ ತೇಲಿತು" ಅಂತ ಬರೆಯಿರಿ. ಅದರ ಪಕ್ಕದಲ್ಲೇ ಪಿಸಿಪಿಎನಾ, ವಿಷನಾ, ಜೀನ್ ಇಲ್ಲದ ಇಲಿನಾ ಅನ್ನುವುದೂ ಇರಲಿ.