ಲ್ಯಾಟಿನ್ ಪದವಿಪತ್ರ ಕನ್ನಡಿಸುವುದು: ನನ್ನ ಅನುಭವ

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಪದವಿಪತ್ರ 1961ರಲ್ಲಿ ಲ್ಯಾಟಿನ್‌ನಿಂದ ಇಂಗ್ಲಿಷಿಗೆ ಬದಲಾಯಿತು. ಯೇಲ್, ಪ್ರಿನ್ಸ್‌ಟನ್‌ಗಳ ಪದವಿಪತ್ರ ಈಗಲೂ ಲ್ಯಾಟಿನ್‌ನಲ್ಲೇ. ಒಂದೊಂದು ಪತ್ರದ ಮುಖ್ಯಭಾಗ ಒಂದೇ ಉದ್ದನೆಯ ವಾಕ್ಯವಾಗಿರುತ್ತದೆ. ಅದನ್ನು ನಾನು ಮೊದಲ ಪದದಿಂದ ಅನುವಾದಿಸುತ್ತಾ ಹೋಗುವುದಿಲ್ಲ, ಕ್ರಿಯಾಪದ ಹುಡುಕುತ್ತೇನೆ. ‘ಅದ್ಮಿಸಿಮುಸ್’ ಸಿಕ್ಕಿತೆನ್ನಿ: ‘ಮುಸ್’ ಅಂದರೆ ನಾವು, ಪದವಿಗೆ ಸೇರಿಸಿಕೊಂಡಿದ್ದೇವೆ. ಆಮೇಲೆ ಆ ‘ನಾವು’ ಯಾರು, ಸೇರಿಸಿಕೊಂಡಿದ್ದು ಯಾರನ್ನು ಎಂದು ವಿಭಕ್ತಿ ನೋಡಿ ಗುರುತಿಸುತ್ತೇನೆ. ನಮ್ಮ ‘ಅನ್ನು’ ಮಾಡುವ ಕೆಲಸವನ್ನೇ ಅಲ್ಲಿ ‘ಉಮ್’, ‘ಆಮ್’ ಮಾಡುತ್ತವೆ. ಹಾಗಾಗಿ ಇಂಗ್ಲಿಷ್ ದಾರಿ ಹಿಡಿಯದೆ ನೇರ ಕನ್ನಡಕ್ಕೆ ತಂದರೆ ವಾಕ್ಯ ಒಡೆಯುವುದಿಲ್ಲ.

ಎಡವುವುದು ಪರಿಚಿತ ಪದಗಳಲ್ಲೇ. ‘ಲಿತ್ತೆರೈ’ ಬಹುವಚನ, ಇಲ್ಲಿ ಅದು ಅಕ್ಷರಗಳಲ್ಲ, ಪತ್ರ. ‘ಸಲೂತೆಮ್’ ಆರೋಗ್ಯವಲ್ಲ, ವಂದನೆ. ‘ಓಮ್ನಿಬುಸ್ ಆದ್ ಕ್ವೋಸ್ ಹೈ ಲಿತ್ತೆರೈ ಪೆರ್ವೆನೆರಿಂತ್ ಸಲೂತೆಮ್’ ಎಂಬುದನ್ನು ‘ಈ ಪತ್ರ ಯಾರ ಕೈ ಸೇರುವುದೋ ಅವರೆಲ್ಲರಿಗೂ ವಂದನೆ’ ಎಂದು ಬರೆಯುತ್ತೇನೆ. ‘ಸೋಕಿಯಿ’ ಎಂದರೆ ಗೆಳೆಯರೆನ್ನಬೇಡಿ, ಯೇಲ್‌ನಲ್ಲಿ ಅವರು ಆಡಳಿತ ಮಂಡಳಿಯ ಸದಸ್ಯರು. ಹೆಸರು ಲ್ಯಾಟಿನ್ ರೂಪದಲ್ಲಿದ್ದರೆ ಊಹಿಸಲೇಬಾರದು: ‘ಇಯಾಕೋಬುಸ್’ ಜೇಮ್ಸ್ ಆಗಬಹುದು, ಜೇಕಬ್ ಕೂಡ. ಪಾಸ್‌ಪೋರ್ಟ್ ತರಿಸಿಕೊಂಡು ಅದರಲ್ಲಿದ್ದಂತೆ ಬರೆಯಿರಿ.

ಒಳ್ಳೆಯ ಅಂಕ ಪಡೆದವರ ಪದವಿಪತ್ರದಲ್ಲಿ ಬರುವ ‘ಕುಮ್ ಲೌದೆ’ಯನ್ನು ‘ಪ್ರಥಮ ದರ್ಜೆ’ ಮಾಡುವುದು ನನ್ನ ಮಟ್ಟಿಗೆ ಅತಿ ದೊಡ್ಡ ತಪ್ಪು. ಅದಕ್ಕೆ ಬೇಕಾದ ಅಂಕದ ಮಟ್ಟ ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬೇರೆ. ಸಮಾನತೆ ಅಳೆಯುವುದು ಅನುವಾದಕರ ಕೆಲಸವಲ್ಲ. ‘ಪ್ರಶಂಸೆಯೊಂದಿಗೆ’ ಎನ್ನಿ. ‘ಮಾಗ್ನ’ ಇದ್ದರೆ ‘ಮಹಾಪ್ರಶಂಸೆ’, ‘ಸುಮ್ಮ’ ಇದ್ದರೆ ‘ಪರಮಪ್ರಶಂಸೆ’. ಮೂಲಪದವನ್ನೂ ಪಕ್ಕದಲ್ಲಿ ಉಳಿಸಿ.

ತಾರೀಖಿಗೆ ಮಾತ್ರ ಪೆನ್ನು-ಕಾಗದ ಬೇಕು. ‘ದಿಯೆ’ ಎಂದು ಶುರುವಾಗಿ ತಿಂಗಳ ಹೆಸರಿದ್ದರೆ ನೇರ ತಾರೀಖು. ರೋಮನ್ ಪದ್ಧತಿಯಲ್ಲಾದರೆ ಹಿಂದಕ್ಕೆ ಎಣಿಸಬೇಕು, ಎರಡೂ ತುದಿಯ ದಿನಗಳನ್ನು ಸೇರಿಸಿ. ‘ಜೂನ್ ಕಲೆಂದಿಗೆ 17ನೆಯ ದಿನ ಮುಂಚೆ’ ಎಂದಿದ್ದರೆ (ಕಲೆಂದಿ ಎಂದರೆ ತಿಂಗಳ ಮೊದಲ ದಿನ) ತಿಂಗಳು ಜೂನ್ ಅಲ್ಲ, ಮೇ! ಮೇ ತಿಂಗಳ 31ಕ್ಕೆ 2 ಕೂಡಿಸಿ 17 ಕಳೆಯಿರಿ: ಮೇ 16. ತಿಂಗಳ ನಡುವೆ ಬರುವ ಈದುಸ್ ಎಂಬ ದಿನದಿಂದ ಎಣಿಸಿದ್ದರೆ, ಅದರ ತಾರೀಖಿಗೆ 1 ಮಾತ್ರ ಕೂಡಿಸಿ ಕಳೆಯುವುದು. ಮಾರ್ಚ್, ಮೇ, ಜುಲೈ, ಅಕ್ಟೋಬರ್‌ಗಳಲ್ಲಿ ಈದುಸ್ 15ರಂದು, ಉಳಿದ ತಿಂಗಳುಗಳಲ್ಲಿ 13ರಂದು. ಈದುಸ್‌ಗೂ ಮುಂಚೆ ಬರುವ ನೋನೈ ಎಂಬ ದಿನಕ್ಕೂ ಇದೇ ಲೆಕ್ಕ. ಅದು ಆ ನಾಲ್ಕು ತಿಂಗಳಲ್ಲಿ 7, ಮಿಕ್ಕವುಗಳಲ್ಲಿ 5.

ಸಹಿ, ಮುದ್ರೆ ಇರುವ ಜಾಗದಲ್ಲಿ ಚೌಕ ಕಂಸದೊಳಗೆ [ಸಹಿ], [ಮುದ್ರೆ] ಎಂದು ಗುರುತಿಸಿ. ಮುದ್ರೆಯೊಳಗಿನ ಬರಹ ಓದಲು ಬಂದರೆ ಅದನ್ನೂ ಅನುವಾದಿಸಿ, ಬಾರದಿದ್ದರೆ [ಅಸ್ಪಷ್ಟ] ಎಂದು ಬರೆಯಿರಿ.